ಹಳೇ ಎಸ್‌ಯುವಿಯ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅಂತಿದ್ದಾರೆ, ಬದಲಿಸಿದವರು ಹೇಗೆ ಮಾಡಿಸಿದ್ರಿ?

ಅಂಕೋಲಾದಿಂದ:

ನಮ್ಮದು 2011ರ ಡೀಸೆಲ್ ಎಸ್‌ಯುವಿ. ಮಳೆ ಶುರುವಾದ ಮೇಲೆ ಓಡುತ್ತಿರುವಾಗಲೇ ಒಮ್ಮೊಮ್ಮೆ ಬಂದ್ ಬೀಳುತ್ತಿದೆ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗೇ ಸ್ಟಾರ್ಟ್ ಆಗುತ್ತದೆ. ಮೊನ್ನೆ ಅರಬೈಲ್ ಘಟ್ಟದ ತಿರುವಿನಲ್ಲೇ ನಿಂತಿತು. ಒಳಗೆ ಅಪ್ಪ ಅಮ್ಮ, ಹಿಂದೆ ಲಾರಿಗಳ ಸಾಲು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ "ಕಂಪ್ಯೂಟರ್ ಹೋಗಿದೆ, ಇಸಿಎಂ ಬದಲಿಸಬೇಕು" ಅಂದರು. ಹೊಸದಕ್ಕೆ ಹತ್ತಾರು ಸಾವಿರ ಆಗುತ್ತದಂತೆ. ಸೆಕೆಂಡ್ ಹ್ಯಾಂಡ್ ಹಾಕಿದರೆ ನಡೆಯುತ್ತದಾ? ಅನುಭವ ಇದ್ದವರು ಹೇಳಿ.

ಕುಮಟಾದಿಂದ:

ಸ್ಕ್ಯಾನರ್‌ನಲ್ಲಿ ಬಂದ ಕೋಡ್ ನಂಬರ್ ಬರೆದುಕೊಂಡಿದ್ದೀರಾ? ಇಲ್ಲ ಅಂದ್ರೆ ಮೊದಲು ಹೋಗಿ ಅದನ್ನು ಬರೆಸಿಕೊಂಡು ಬನ್ನಿ. ಪಿ0606 ಅಥವಾ ಪಿ0601 ಬಂದಿದ್ದರೆ ಇಸಿಎಂ ಒಳಗೇ ತೊಂದರೆ ಅಂತ ಅನುಮಾನ ಪಡಬಹುದು. ಯು0100 ಬಂದಿದ್ದರೆ ಉಳಿದ ಯೂನಿಟ್‌ಗಳಿಗೆ ಇಸಿಎಂ ಸಿಗುತ್ತಿಲ್ಲ ಅಂತ ಮಾತ್ರ ಅರ್ಥ. ಅದಕ್ಕೆ ಕರೆಂಟೇ ಹೋಗದಿದ್ದರೂ ಇದೇ ಕೋಡ್ ಬರುತ್ತದೆ. ಪಿ0335 ಆದರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವುದು) ಅಥವಾ ಅದರ ವೈರ್.

ನೀವು ಹೇಳಿದ್ದು ಓದಿದರೆ ನನಗೆ ಕ್ರ್ಯಾಂಕ್ ಸೆನ್ಸರ್ ಮೇಲೇ ಕಣ್ಣು ಹೋಗುತ್ತದೆ. ಘಟ್ಟ ಹತ್ತುವಾಗ ಇಂಜಿನ್ ಬಿಸಿ, ಸೆನ್ಸರೂ ಬಿಸಿ. ಒಳಗಿನ ಕಾಯಿಲ್ ದುರ್ಬಲ ಆಗಿದ್ದರೆ ಬಿಸಿಗೆ ಸಿಗ್ನಲ್ ಕಳೆದುಕೊಳ್ಳುತ್ತದೆ, ತಣಿದ ಮೇಲೆ ಸರಿಯಾಗುತ್ತದೆ. ಪರೀಕ್ಷೆ ಸುಲಭ. ಮುಂದಿನ ಸಲ ಸ್ಟಾರ್ಟ್ ಆಗದೇ ಇದ್ದಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ತೆರೆದಿಟ್ಟು ಸೆಲ್ಫ್ ಹೊಡೆಯಿರಿ. ಇಂಜಿನ್ ತಿರುಗುತ್ತಿದ್ದರೂ ಸ್ಕ್ರೀನಿನಲ್ಲಿ ಸೊನ್ನೆ ಇದ್ದರೆ ಸೆನ್ಸರ್ ಮತ್ತು ಅದರ ವೈರ್ ನೋಡಿ. ಇಸಿಎಂಗಿಂತ ಅದು ತುಂಬಾ ಅಗ್ಗ.

ಎರಡನೇದು ಅರ್ಥ್, ಅಂದರೆ ಬ್ಯಾಟರಿ ನೆಗೆಟಿವ್‌ಗೆ ಸೇರುವ ವೈರ್. ನನ್ನ ಗಾಡಿಯಲ್ಲೂ "ಇಸಿಎಂ ಹೋಗಿದೆ" ಅಂದಿದ್ದರು. ಬ್ಯಾಟರಿ ಟ್ರೇ ಬಿಚ್ಚಿ ನೋಡಿದರೆ ಕೆಳಗಿನ ಅರ್ಥ್ ಬೋಲ್ಟ್ ತುಕ್ಕು ತಿಂದು ಉಬ್ಬಿತ್ತು, ಕೈಯಲ್ಲಿ ಹಿಡಿದರೆ ವೈರಿನ ತುದಿ ಅಲ್ಲಾಡುತ್ತಿತ್ತು. ಇಸಿಎಂ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಕಿತ್ತರೆ ಮೂಲೆಯ ಪಿನ್‌ಗಳಲ್ಲಿ ಹಸಿರು ಕಿಲುಬು. ಸಮುದ್ರದ ಗಾಳಿಗೆ ನಮ್ಮ ಕಡೆ ಇದು ಎಲ್ಲ ಗಾಡಿಗೂ ಬರುವ ಕಾಯಿಲೆ. ಅಷ್ಟೇ ಅಲ್ಲ, ಕಪ್ಲರಿಗೆ ಹೊಕ್ಕ ನೀರು ತಾಮ್ರದ ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಹೊರಗೆ ಪ್ಲಾಸ್ಟಿಕ್ ಸರಿಯಾಗೇ ಕಾಣುತ್ತದೆ, ಒಳಗೆ ತಂತಿ ಕಪ್ಪಾಗಿರುತ್ತದೆ.

ಅರ್ಥ್ ನೋಡುವ ಕ್ರಮ ಹೀಗೆ: ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂನ ಅರ್ಥ್ ಪಿನ್‌ಗೆ. ಯಾರಾದರೂ ಸೆಲ್ಫ್ ಹೊಡೆಯಲಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿಯಿಲ್ಲ. ಸುಮ್ನೆ ಓಮ್ಸ್ ಇಟ್ಟು ನೋಡಿದರೆ ಗೊತ್ತಾಗಲ್ಲ, ಲೋಡ್ ಬಿದ್ದಾಗಲೇ ನೋಡಬೇಕು. ಇಸಿಎಂಗೆ ಕರೆಂಟ್ ಕೊಡುವ ಮೇನ್ ರಿಲೇಯನ್ನೂ ಅದೇ ನಂಬರಿನ ಬೇರೆ ರಿಲೇ ಹಾಕಿ ನೋಡಿಬಿಡಿ.

ಯಲ್ಲಾಪುರದಿಂದ:

ಬಾನೆಟ್ ಒಳಗೆ ಇಲಿ ಬಂದಿದೆಯಾ ಅಂತಲೂ ನೋಡಿ. ಮಳೆಗಾಲದಲ್ಲಿ ಬಿಸಿ ಇಂಜಿನ್ ಮೇಲೆ ಬಂದು ಕೂರುತ್ತವೆ. ನಮ್ಮಲ್ಲಿ ಇಸಿಎಂಗೆ ಹೋಗುವ ವೈರಿಂಗಿನಲ್ಲೇ ಕಡಿದಿತ್ತು. ಟೇಪ್ ಸುತ್ತಿದ ಭಾಗದ ಕೆಳಗೆ ಕಡಿದದ್ದು ಮೇಲಿಂದ ಕಾಣುವುದೇ ಇಲ್ಲ.

ಶಿರಸಿಯಿಂದ:

ಮೇಲಿನವರು ಹೇಳಿದ್ದೆಲ್ಲ ಮೊದಲು ಮಾಡಿಸಿ. ನನ್ನದು ನಿಜಕ್ಕೂ ಇಸಿಎಂ ಹೋಗಿದ್ದ ಕೇಸ್, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಫ್ಲೋರ್ ತುಕ್ಕು ಹಿಡಿದಿತ್ತು, ಟಿಂಕರಿಂಗಿಗೆ ಬಿಟ್ಟಿದ್ದೆ. ಬ್ಯಾಟರಿ ಬಿಚ್ಚದೇ ಆರ್ಕ್ ವೆಲ್ಡಿಂಗ್ ಮಾಡಿದರು. ಗಾಡಿ ತರಲು ಹೋದಾಗ ಸೆಲ್ಫ್ ಹೊಡೆದರೂ ಸ್ಟಾರ್ಟ್ ಇಲ್ಲ, ಸ್ಕ್ಯಾನರ್‌ಗೂ ಉತ್ತರ ಇಲ್ಲ. ಫ್ಯೂಸ್, ರಿಲೇ, ಅರ್ಥ್ ಎಲ್ಲ ಸರಿ ಇತ್ತು. ಸೆನ್ಸರ್‌ಗಳಿಗೆ ಹೋಗಬೇಕಾದ 5 ವೋಲ್ಟ್ ಬರುತ್ತಿರಲಿಲ್ಲ. ಇಲ್ಲಿ ಒಂದು ಎಚ್ಚರ: 5 ವೋಲ್ಟ್ ಇಲ್ಲ ಅಂದ ಮಾತ್ರಕ್ಕೆ ಇಸಿಎಂ ಸತ್ತಿದೆ ಅಂತಲ್ಲ. ಯಾವುದೋ ಒಂದು ಸೆನ್ಸರ್ ಒಳಗೆ ಶಾರ್ಟ್ ಆಗಿದ್ದರೂ ಅದು ಎಲ್ಲರ 5 ವೋಲ್ಟನ್ನೂ ಎಳೆದು ಹಾಕುತ್ತದೆ. ಒಂದೊಂದೇ ಸೆನ್ಸರ್ ಕಪ್ಲರ್ ಕಿತ್ತು ಮೀಟರ್ ನೋಡುತ್ತಾ ಹೋಗಬೇಕು. ಒಂದು ಕಿತ್ತ ಕೂಡಲೇ 5 ಬಂದರೆ ಅದೇ ಕಳ್ಳ. ನಮ್ಮಲ್ಲಿ ಎಲ್ಲ ಕಿತ್ತರೂ ಬರಲಿಲ್ಲ.

ಹೊಸದರ ಬೆಲೆ ಕೇಳಿ ಬಿಟ್ಟೆ. ಹುಬ್ಬಳ್ಳಿಯ ಅಂಗಡಿಯೊಬ್ಬರ ಮೂಲಕ ಗುಜರಿ ಗಾಡಿಯ ಇಸಿಎಂ ಸಿಕ್ಕಿತು. ಕೊಳ್ಳುವಾಗ ಲೇಬಲ್ ನಂಬರ್ ಒಂದೂ ಬಿಡದೆ ಹೋಲಿಸಿ ನೋಡಿ. ಬಾಷ್ ಕಂಪನಿಯ ಡೀಸೆಲ್ ಇಸಿಎಂ ಆದರೆ ನಂಬರ್ 0 281ರಿಂದ ಶುರುವಾಗುತ್ತದೆ. ಗಾಡಿ ಒಂದೇ ಮಾಡೆಲ್ ಆದರೂ ವರ್ಷ ಬದಲಾದರೆ ಒಳಗಿನದು ಬೇರೆ ಇರಬಹುದು. ಫೋಟೋ ತರಿಸಿಕೊಳ್ಳದೆ ದುಡ್ಡು ಕಳಿಸಬೇಡಿ.

ಆದರೆ ತಂದು ಸಿಕ್ಕಿಸಿದ ಕೂಡಲೇ ಓಡುವುದಿಲ್ಲ. ಇಮೊಬಿಲೈಸರ್ (ಗುರುತಿನ ಕೀ ಅಲ್ಲದಿದ್ದರೆ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದಕ್ಕೆ ನಿಮ್ಮ ಕೀ ಗುರುತು ಇರುವುದಿಲ್ಲ. ಹಾಗಾಗಿ ಹಳೇ ಇಸಿಎಂನ ಮೆಮೊರಿಯಲ್ಲಿರುವುದನ್ನೆಲ್ಲ ಓದಿ ಇದಕ್ಕೆ ಬರೆಯಬೇಕು. ಕ್ಲೋನ್ ಅಂತಾರೆ. ಕೀ, ಚಾಸಿಸ್ ನಂಬರ್, ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವುದು) ಕೋಡ್ ಎಲ್ಲ ಅದರ ಜೊತೆಗೇ ಬಂದುಬಿಡುತ್ತದೆ. ಹೊರಗಿನ ಸರ್ಕ್ಯೂಟ್ ಸುಟ್ಟಿದ್ದರೂ ಮೆಮೊರಿ ಚಿಪ್ ಓದಲು ಸಿಗುವುದು ಜಾಸ್ತಿ. ಆದ್ದರಿಂದ ಹಳೇ ಪೆಟ್ಟಿಗೆಯನ್ನು ಎಕ್ಸ್‌ಚೇಂಜ್‌ಗೆ ಕೊಡಲೇಬೇಡಿ. ಅಂಗಡಿಯವರು ಕೇಳುತ್ತಾರೆ, ಬೆಲೆ ಇಳಿಸುತ್ತೇವೆ ಅಂತಾರೆ. ಆದರೂ ಬೇಡ.

ಹೊಸದನ್ನೇ ಹಾಕಿಸಿದರೆ ಪ್ರತಿ ಇಂಜೆಕ್ಟರ್ ತಲೆಯ ಮೇಲಿರುವ ಕೋಡನ್ನು ಸ್ಕ್ಯಾನರ್‌ನಲ್ಲಿ ತುಂಬಿಸಬೇಕು. ಯಾವ ಸಿಲಿಂಡರಿಗೆ ಯಾವ ಕೋಡ್ ಅನ್ನುವುದು ಅದಲು ಬದಲು ಆಗಬಾರದು. ಬಿಟ್ಟರೆ ಗಾಡಿ ಓಡುತ್ತದೆ, ಆದರೆ ಐಡ್ಲಿಂಗಿನಲ್ಲಿ ನಡುಗುತ್ತದೆ, ಹೊಗೆ ಬರುತ್ತದೆ.

ನನ್ನ ಗಾಡಿ ಈಗ ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟ ಇಳಿದು ಹತ್ತುತ್ತದೆ, ತಕರಾರಿಲ್ಲ.

ಕಾರವಾರದಿಂದ:

ನಾನು ಆಟೋ ಎಲೆಕ್ಟ್ರಿಕ್ ಕೆಲಸ ಮಾಡುವವನು. ಶಿರಸಿಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಕ್ಲೋನ್ ಅಥವಾ ಪ್ರೋಗ್ರಾಂ ಗಾಡಿ ಮೇಲೇ ಮಾಡುವುದಾದರೆ ಬ್ಯಾಟರಿಗೆ ಸಪೋರ್ಟ್ ಚಾರ್ಜರ್ ಹಾಕಿಸಿ. ಬರೆಯುವ ಮಧ್ಯೆ ವೋಲ್ಟೇಜ್ ಬಿದ್ದರೆ ಒಳ್ಳೆಯ ಇಸಿಎಂ ಕೂಡ ಅಲ್ಲೇ ಕೈಕೊಡುತ್ತದೆ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಮಳೆ ಗುಡುಗಿನ ದಿನ ಈ ಕೆಲಸಕ್ಕೆ ಕೈ ಹಾಕಿಸಬೇಡಿ.

ಇನ್ನು ಬಾನೆಟ್ ಒಳಗೆ ಪ್ರೆಶರ್ ಹಾಕಿ ವಾಟರ್ ಸರ್ವಿಸ್ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಪ್ರೆಶರ್ ನೀರಿಗೆ ಕಪ್ಲರಿನ ರಬ್ಬರ್ ಸೀಲ್ ತಡೆಯುವುದಿಲ್ಲ. ಎಷ್ಟೋ ಗಾಡಿಗಳು ಸರ್ವಿಸ್ ಸ್ಟೇಷನ್‌ನಿಂದ ನೇರ ನನ್ನ ಬಳಿಗೇ ಬರುತ್ತವೆ. ಕಪ್ಲರ್ ಬಿಚ್ಚುವ ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ, ಮರಳು ಕಾಗದ ತಾಗಿಸಬೇಡಿ. ಪಿನ್ ಮೇಲಿನ ತೆಳು ಲೇಪ ಹೋದರೆ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ.

ರಿಪೇರಿಯೂ ಸಾಧ್ಯ. ಇಸಿಎಂ ಒಳಗೆ ಇಂಜೆಕ್ಟರ್ ಓಡಿಸುವ ಡ್ರೈವರ್ ಸರ್ಕ್ಯೂಟ್ ಸುಟ್ಟಿದ್ದರೆ ಬೋರ್ಡ್ ಕೆಲಸ ಗೊತ್ತಿದ್ದವರು ಬದಲಿಸಿ ಕೊಡುತ್ತಾರೆ. ಆದರೆ ಅದು ಯಾಕೆ ಸುಟ್ಟಿತು ಅಂತ ಮೊದಲು ಹುಡುಕಿಸಿ. ಇಂಜೆಕ್ಟರ್ ಅಥವಾ ಅದರ ವೈರ್ ಶಾರ್ಟ್ ಆಗಿದ್ದು ಹಾಗೇ ಉಳಿದರೆ ಎರಡನೇ ಇಸಿಎಂ ಕೂಡ ಸುಡುತ್ತದೆ.

ಅಂಕೋಲಾದಿಂದ:

ತುಂಬಾ ಉಪಕಾರ ಆಯ್ತು. ನಾಳೆ ಕೋಡ್ ಬರೆಸಿಕೊಂಡು, ಆರ್‌ಪಿಎಂ ನೋಡಿಸುತ್ತೇನೆ. ಇನ್ನೊಂದು ಪ್ರಶ್ನೆ. ಕೆಎ 30 ಗಾಡಿ, 15 ವರ್ಷದ ರಿಜಿಸ್ಟ್ರೇಷನ್ ಮುಗಿಯುವ ಸಮಯ. ಇಷ್ಟು ಖರ್ಚು ಮಾಡುವುದು ಸರಿಯಾ?

ಶಿರಸಿಯಿಂದ:

ರಿನ್ಯೂವಲ್ ಆದರೆ ಮತ್ತೆ 5 ವರ್ಷ ಸಿಗುತ್ತದೆ. ಆದರೆ ಇಸಿಎಂಗೆ ದುಡ್ಡು ಹಾಕುವ ಮೊದಲು ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ ಚಾಸಿಸ್ ನೋಡಿಸಿ. ಸಸ್ಪೆನ್ಷನ್ ಕೂರುವ ಜಾಗ, ಹಿಂದಿನ ಕ್ರಾಸ್ ಮೆಂಬರ್ (ಚಾಸಿಸ್‌ನ ಅಡ್ಡ ಪಟ್ಟಿ), ಬ್ರೇಕ್ ಪೈಪ್ ಹೋಗುವ ದಾರಿ. ಸ್ಕ್ರೂ ಡ್ರೈವರ್ ತುದಿಯಿಂದ ಕುಟ್ಟಿದರೆ ಗೊತ್ತಾಗುತ್ತದೆ. ಅದು ಟೊಳ್ಳಾಗಿದ್ದರೆ ಇಸಿಎಂ ಬೇಡ. ಗಟ್ಟಿ ಇದ್ದರೆ ಧೈರ್ಯವಾಗಿ ಮಾಡಿಸಿ. ಅಲ್ಲಿವರೆಗೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಘಟ್ಟ ಹತ್ತಬೇಡಿ.