ಕರೆಂಟೂ ನಿಲ್ಲುವುದಿಲ್ಲ, ಆಸ್ಪತ್ರೆಗೂ ಬರುತ್ತೇನೆ

ಚಿಕ್ಕಪ್ಪ, ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಮನೆಯವರ ಗುಂಪಿನಲ್ಲಿ ನೀವು ಹಾಕಿದ ಧ್ವನಿ ಸಂದೇಶ ಕೇಳಿದೆ. ತೊಡೆಮೂಳೆ ಮುರಿದು ಆಸ್ಪತ್ರೆಯಲ್ಲಿರುವ ನಮ್ಮ ಯಜಮಾನರ ವಿಷಯ, ನನ್ನ ಬಾಯಿ ಕ್ಯಾನ್ಸರಿಗೆ ಕೊಡಬೇಕಾದ ಕರೆಂಟಿನ, ಅಂದರೆ ವಿಕಿರಣ ಚಿಕಿತ್ಸೆಯ ವಿಷಯ, ಎರಡೂ ಅದರಲ್ಲಿತ್ತು. “ಅವನು ಮನೆಗೆ ಬಂದು ನಾಲ್ಕು ಹೆಜ್ಜೆ ಹಾಕಲಿ, ಆಮೇಲೆ ನೀನು ಬೆಂಗಳೂರಿಗೆ ಹೋಗಿ ಕರೆಂಟು ಕೊಡಿಸಿಕೊಂಡರಾಯಿತು, ಒಂದೆರಡು ತಿಂಗಳಿಗೆ ಏನೂ ಆಗುವುದಿಲ್ಲ” ಎಂದಿರಿ. ಅದರ ಕೆಳಗೇ ಮಾಲೂರಿನ ನಾದಿನಿ, “ಅತ್ತಿಗೆ ಆಸ್ಪತ್ರೆಯ ಕಡೆ ತಲೆ ಹಾಕುವುದೇ ಬೇಡ, ಮನೆಯಲ್ಲಿ ಮಲಗಿರಲಿ” ಎಂದಿದ್ದಾಳೆ. ಇಬ್ಬರೂ ಅಕ್ಕರೆಯಿಂದಲೇ ಹೇಳಿದ್ದೀರಿ. ಆದರೆ ಎರಡನ್ನೂ ನಾನು ಒಪ್ಪುವುದಿಲ್ಲ. ಯಾಕೆ ಎಂಬುದು ಎಲ್ಲರಿಗೂ ಗೊತ್ತಾಗಲಿ ಎಂದು ಗುಂಪಿನಲ್ಲೇ ಹೇಳುತ್ತಿದ್ದೇನೆ. ಎಡಗೆನ್ನೆಯೊಳಗೆ ಎದೆಯ ಮಾಂಸ ತೆಗೆದು ಕೂರಿಸಿರುವುದರಿಂದ ನನ್ನ ಮಾತು ಫೋನಿನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಸುವುದಿಲ್ಲ. ನಾನು ನಿಧಾನವಾಗಿ ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಕರೆಂಟಿನ ವಿಷಯ. ಕೆನ್ನೆಯ ಗೆಡ್ಡೆಯ ಜೊತೆಗೆ ಕತ್ತಿನಿಂದ ತೆಗೆದ ಗಂಟುಗಳ ವರದಿಯಲ್ಲಿ, ಅಲ್ಲಿಗೂ ಕಾಯಿಲೆ ಇಳಿದಿತ್ತು ಎಂದು ಬಂದಿದೆ. ಹಾಗಿದ್ದವರಿಗೆ ಶಸ್ತ್ರಚಿಕಿತ್ಸೆಯಾದ ಆರು ವಾರಗಳೊಳಗೆ ವಿಕಿರಣ ಚಿಕಿತ್ಸೆ ಆರಂಭವಾಗಬೇಕು. ಒಮ್ಮೆ ಆರಂಭವಾದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಆರು ವಾರ, ಒಟ್ಟು 30 ಸಲ. ನಡುವೆ ಬಿಡುವಂತಿಲ್ಲ. ಕಣ್ಣಿಗೆ ಕಾಣದಂತೆ ಉಳಿದುಕೊಂಡ ಕಾಯಿಲೆಯ ಕಣಗಳು ನಾವು ಬಿಟ್ಟ ದಿನಗಳಲ್ಲೇ ಮತ್ತೆ ಬೆಳೆಯುತ್ತವೆ. ಆದ್ದರಿಂದ “ಒಂದೆರಡು ತಿಂಗಳು” ಎಂಬ ಮಾತು ನನ್ನ ಪಾಲಿಗೆ ಇಲ್ಲವೇ ಇಲ್ಲ ಚಿಕ್ಕಪ್ಪ. ಹಾಳಾದ ಹಲ್ಲುಗಳನ್ನು ಆಗಲೇ ಕೀಳಿಸಿಕೊಂಡಿದ್ದೇನೆ. ಕರೆಂಟು ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆ ಮಾಯದೆ ಹೋಗಬಹುದು ಎಂದು ಮೊದಲೇ ಕೀಳುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜಾಲರಿಯ ಮುಖವಾಡವೂ ತಯಾರಾಗಿದೆ. ಬಿಸಿನೀರಿನಲ್ಲಿ ಮೆತ್ತಗಾದ ಹಾಳೆಯನ್ನು ಮುಖದ ಮೇಲೆ ಒತ್ತಿ, ಅದು ಗಟ್ಟಿಯಾಗುವವರೆಗೆ ಅಲುಗಾಡದೆ ಮಲಗಿಸಿದ್ದರು. ಪ್ರತಿ ದಿನ ಅದೇ ಮುಖವಾಡದೊಳಗೆ ಅದೇ ಅಳತೆಯಲ್ಲಿ ಮಲಗಬೇಕು. ಅಷ್ಟೆಲ್ಲ ಆದ ಮೇಲೆ, ಕರೆಂಟು ಆರಂಭವಾಗುವ ಮುಂದಿನ ಸೋಮವಾರದ ದಿನವನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

ಹಾಗೆಂದು ಯಜಮಾನರನ್ನು ಬಿಟ್ಟು ಮನೆಯಲ್ಲಿ ಮಲಗಿರಲೂ ನನ್ನಿಂದಾಗದು. ಇದನ್ನು ನಾದಿನಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕುತ್ತಿಗೆ ಮುರಿಯಿತು, ಲೋಹದ ಗುಂಡು ಕೂರಿಸಿದರು, ಇಷ್ಟು ನಿಮಗೆಲ್ಲ ಗೊತ್ತಿದೆ. ಶಸ್ತ್ರಚಿಕಿತ್ಸೆಯಾದ ರಾತ್ರಿ ಅವರು ಮಂಚದಿಂದ ಇಳಿಯಲು ಹೊರಟರು. “ಹಾಲು ಕರೆಯುವ ಹೊತ್ತಾಯಿತು, ಡೈರಿಯವರು ಕಾಯುವುದಿಲ್ಲ” ಎಂದು ಒಂದೇ ಸಮನೆ ಹೇಳುತ್ತಿದ್ದರು. ಪಕ್ಕದಲ್ಲಿದ್ದ ಅಳಿಯಂದಿರನ್ನು ಗುರುತಿಸಲಿಲ್ಲ. ಬೆಳಿಗ್ಗೆ ಗುಂಪಿನಲ್ಲಿ “ದೊಡ್ಡಪ್ಪನಿಗೆ ಬುದ್ಧಿ ಭ್ರಮಣೆಯಾಗಿದೆ” ಎಂದು ಯಾರೋ ಹಾಕಿದ್ದನ್ನು ಓದಿ ನನಗೆ ಕೈಕಾಲು ಆಡಲಿಲ್ಲ. ವೈದ್ಯರು ಕೂರಿಸಿಕೊಂಡು ವಿವರಿಸಿದರು. ವಯಸ್ಸಾದವರಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ನಂತರ ಇಂಥ ಗಲಿಬಿಲಿ ಆಗುವುದುಂಟು. ನೋವು, ನಿದ್ದೆಗೇಡು, ನೀರು ಕಡಿಮೆಯಾಗುವುದು, ಮೂತ್ರದ ಸೋಂಕು, ಮಲ ಕಟ್ಟಿಕೊಳ್ಳುವುದು, ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಸಂಜೆಯಾದಂತೆ ಜಾಸ್ತಿ, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಔಷಧಿಗಿಂತ ಮೊದಲು ಮಾಡಬೇಕಾದದ್ದು ಕನ್ನಡಕ ಹಾಕಿಸುವುದು, ಹಗಲಿನಲ್ಲಿ ಕಿಟಕಿಯ ಬೆಳಕು ಬೀಳುವಂತೆ ನೋಡಿಕೊಳ್ಳುವುದು, ನೀರು ಕುಡಿಸುತ್ತಿರುವುದು, ಗುರುತಿನ ಮುಖ ಹತ್ತಿರವಿರುವುದು. ಅವರ ಕನ್ನಡಕ ಆ ರಾತ್ರಿಯೆಲ್ಲ ಮನೆಯ ಗೂಡಿನಲ್ಲೇ ಇತ್ತು.

ಮರುದಿನ ಸಂಜೆ ನಾನು ಹೋದೆ. ಎದುರಿಗೆ ಕೂತು, ಹಸುಗಳ ಹೆಸರು ಒಂದೊಂದಾಗಿ ಹೇಳಿ, ಯಾವುದು ಎಷ್ಟು ಹಾಲು ಕೊಟ್ಟಿತು, ಯಾರು ಕರೆದು ಡೈರಿಗೆ ಹಾಕಿದರು ಎಂದು ವರದಿ ಒಪ್ಪಿಸಿದೆ. ಪಕ್ಕದ ಮಂಚದವರಿಗೆ ನನ್ನ ಒಂದು ಮಾತೂ ತಿಳಿಯಲಿಲ್ಲ, ಇವರಿಗೆ ಪ್ರತಿಯೊಂದೂ ತಿಳಿಯಿತು. “ಗೌರಿಗೆ ಹಿಂಡಿ ಇಟ್ಟರಾ?” ಎಂದು ಕೇಳಿ, ಆಮೇಲೆ ತಾವು ಎಲ್ಲಿದ್ದೇವೆ ಎಂಬುದನ್ನು ತಾವೇ ಹೇಳಿದರು. ನಾನು ಅಲ್ಲಿರುವುದು ಬರೀ ಹೆಂಡತಿಯ ಕರ್ತವ್ಯಕ್ಕಲ್ಲ, ಅವರ ಚಿಕಿತ್ಸೆಗೂ ಅದು ಬೇಕು. ನಾಲ್ಕು ಗಂಟೆಯಿಂದ ಊಟದ ಹೊತ್ತಿನವರೆಗಿನ ಸಂಜೆಗಳನ್ನು ಭಾನುವಾರದವರೆಗೆ ನನಗೆ ಬಿಟ್ಟುಬಿಡಿ.

ನನಗೂ ಅದು ಬೇಕು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಬಾಯಿ ಬಿಗಿದುಕೊಳ್ಳದಂತೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಟ್ಟಿ ಹಲ್ಲುಗಳ ನಡುವೆ ಇಟ್ಟುಕೊಳ್ಳುವ ವ್ಯಾಯಾಮ ಕೊಟ್ಟಿದ್ದಾರೆ. ಸಾಧ್ಯವಾದಾಗ ಇನ್ನೊಂದು ಕಡ್ಡಿ ಸೇರಿಸಬೇಕು. ತುಂಬ ನೋಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಒಬ್ಬಳೇ ಇದ್ದರೆ ಬಿಟ್ಟುಬಿಡೋಣ ಎನಿಸುತ್ತದೆ. ಅವರು ಬೀಳುವ ಮೊದಲು ಜಗುಲಿಯಲ್ಲಿ ಎದುರಿಗೆ ಕೂತು ಕಡ್ಡಿ ಎಣಿಸುತ್ತಿದ್ದರು. ಈಗ ಅವರಿಗೆ ಎದೆಯಲ್ಲಿ ಕಫ ನಿಲ್ಲದಿರಲಿ ಎಂದು ಮೂರು ಚೆಂಡಿನ ಉಸಿರಿನ ಉಪಕರಣ ಕೊಟ್ಟಿದ್ದಾರೆ. ಅವರು ಉಸಿರೆಳೆದು ಚೆಂಡು ಏರಿಸುತ್ತಾರೆ, ನಾನು ಕಡ್ಡಿ ಇಟ್ಟುಕೊಳ್ಳುತ್ತೇನೆ. ಮೂರನೆಯ ಚೆಂಡು ಮೊನ್ನೆ ಅರ್ಧದವರೆಗೆ ಎದ್ದಿತು. ನನ್ನದು ಒಂದು ಕಡ್ಡಿ ಮುಂದೆ ಹೋಯಿತು.

ಈಗ ನನ್ನಿಂದ ಆಗದ್ದನ್ನು ಹೇಳುತ್ತೇನೆ, ಇದನ್ನು ನೀವು ಹಂಚಿಕೊಳ್ಳಬೇಕು. ಕತ್ತಿನ ಗಂಟು ತೆಗೆದ ಕಡೆ ಭುಜ ಜೋತುಬಿದ್ದಿದೆ, ತಲೆ ಬಾಚಲು ಕೈ ಎತ್ತಿದರೂ ಎಳೆಯುತ್ತದೆ. ತುಂಬಿದ ಕೊಡ ಎತ್ತಬಾರದು ಎಂದಿರುವಾಗ ಅವರನ್ನು ಎತ್ತಿ ಕೂರಿಸುವುದು, ಮಗ್ಗುಲು ಹೊರಳಿಸುವುದು ನನ್ನ ಕೈಲಿ ಸಾಧ್ಯವಿಲ್ಲ. ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಕಿ ಮಲಗಿದರೆ ಮುಖ ಊದಿಕೊಳ್ಳುತ್ತದೆ, ನಾನು ತಲೆ ಎತ್ತರದಲ್ಲಿಟ್ಟು ಮಲಗಬೇಕು. ಎರಡು ಮೂರು ಗಂಟೆಗೊಮ್ಮೆ ಸೋಸಿದ ರಾಗಿ ಗಂಜಿಯೋ ಬೇಳೆಕಟ್ಟೋ ಕುಡಿಯಬೇಕು, ಪ್ರತಿ ಸಲ ಕುಡಿದ ಮೇಲೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ತೊಳೆಯಬೇಕು. ತೂಕ ಇಳಿದರೆ ಮುಖವಾಡ ಸಡಿಲವಾಗುತ್ತದೆ, ಮತ್ತೆ ಅಳತೆ ತೆಗೆಯಬೇಕಾಗುತ್ತದೆ. ಆದ್ದರಿಂದ ರಾತ್ರಿ ನಾನು ಉಳಿಯುವುದಿಲ್ಲ. “ಹೆಂಡತಿಯೇ ರಾತ್ರಿ ಇರಲಿಲ್ಲ” ಎಂದು ಯಾರಾದರೂ ಆಡಿಕೊಂಡರೆ ಉತ್ತರ ಕೊಡುವುದು ಚಿಕ್ಕಪ್ಪ, ನಿಮ್ಮ ಜವಾಬ್ದಾರಿ. ನೀವು ಹೇಳಿದರೆ ಊರಿನಲ್ಲಿ ನಡೆಯುತ್ತದೆ.

ರಾತ್ರಿ ಇರುವವರು ದಯವಿಟ್ಟು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರಬೇಡಿ. ಮಗ್ಗುಲು ಬದಲಿಸುವಾಗ ಎರಡು ಮೊಣಕಾಲುಗಳ ನಡುವೆ ದಿಂಬು ಇರಲೇಬೇಕು. ಕಾಲ ಮೇಲೆ ಕಾಲು ಹಾಕಲು, ಕುಕ್ಕರುಗಾಲಿನಲ್ಲಿ ಕೂರಲು ಬಿಡಬಾರದು, ಕೂರಿಸಿದ ಕೀಲು ಜಾರಿಬಿಡುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸಲು ಆಗಾಗ ನೆನಪಿಸಿ, ಅದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು. ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ನರ್ಸ್‌ಗೆ ಹೇಳಿ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ನೋಡಿ. ಗಲಿಬಿಲಿಯಾದಾಗ ಬೈಯಬೇಡಿ, ವಾದ ಮಾಡಬೇಡಿ. ಹಾಲಿನ ವಿಷಯ ಕೇಳಿದರೆ “ಡೈರಿಗೆ ಹಾಕಿ ಆಯಿತು” ಎನ್ನಿ, ಅದು ನಿಜವೂ ಹೌದು. ಬೆಳಿಗ್ಗೆ ಸಂಜೆ ಹಾಲು ಕರೆಯುತ್ತಿರುವ ಪಕ್ಕದ ಮನೆಯ ಹುಡುಗನ ಋಣ ಹೇಗೆ ತೀರಿಸುತ್ತೇನೋ ಗೊತ್ತಿಲ್ಲ.

ಇನ್ನೊಂದು ಮಾತು, ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಅವರ ಮಂಚದ ಬಳಿ ಯಾರೂ ಎಲೆ ಅಡಿಕೆಯ ಚೀಲ ಬಿಚ್ಚಬಾರದು, ಬೀಡಿ ಕೊಡಬಾರದು. ತಂಬಾಕು ಮೂಳೆ ಕೂಡುವುದನ್ನೂ ಗಾಯ ಮಾಯುವುದನ್ನೂ ತಡೆಯುತ್ತದೆ. ಕಡ್ಡಿಪುಡಿ ತಂಬಾಕನ್ನು ಕೆನ್ನೆಯಲ್ಲಿ ಒತ್ತರಿಸಿಕೊಂಡೇ ಮಲಗುವ ಹೆಂಗಸರು ನಮ್ಮ ಕೋಲಾರದ ಕಡೆ ಎಷ್ಟಿದ್ದಾರೆ ಎಂಬುದು ನಿಮಗೇ ಗೊತ್ತು. ಈ ಗುಂಪಿನಲ್ಲಿಯೂ ಇದ್ದಾರೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹೋಗದಷ್ಟು ಬಾಯಿ ಬಿಗಿತ, ಇವುಗಳಲ್ಲಿ ಯಾವುದಿದ್ದರೂ ಯಜಮಾನರನ್ನು ನೋಡಲು ಆಸ್ಪತ್ರೆಗೆ ಬಂದ ದಿನವೇ ದಂತ ವೈದ್ಯರಿಗೆ ತೋರಿಸಿಕೊಂಡು ಹೋಗಿ. ಒಂದೇ ಬಸ್ಸಿನಲ್ಲಿ ಎರಡೂ ಕೆಲಸವಾಗುತ್ತದೆ.

ಊಟದ ವಿಷಯ ನನಗೆ ಹೆಚ್ಚು ಸಂಕಟ ಕೊಡುತ್ತಿದೆ. ನಾನು ಮುದ್ದೆ ನುಂಗಲಾರೆ ಎಂದು ಅವರು ನನ್ನ ಎದುರಿಗೆ ಮುದ್ದೆ ಮುರಿಯುವುದಿಲ್ಲ. ತಟ್ಟೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಎರಡು ತುತ್ತು ತಿಂದು ಸಾಕು ಎನ್ನುತ್ತಾರೆ. ಮೂಳೆ ಮುರಿದವರಿಗೆ ಹೊಟ್ಟೆ ತುಂಬ ಊಟ ಬೇಕು, ಮೊಟ್ಟೆ, ಬೇಳೆ, ಹಾಲು ಬೇಕು. ಬಸ್ಸಾರಿನ ವಾಸನೆಯಿಂದ ನನಗೆ ಸಂತೋಷವೇ ಆಗುತ್ತದೆ ಎಂದು ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. ಮಧ್ಯಾಹ್ನದ ಊಟವನ್ನು ಚಿಕ್ಕಮ್ಮ ತಂದು, ನಾನಿಲ್ಲದ ಹೊತ್ತಿನಲ್ಲಿ ಎದುರಿಗೆ ಕೂತು ತಿನ್ನಿಸಿದರೆ ಅವರು ಸರಿಯಾಗಿ ತಿನ್ನುತ್ತಾರೆ.

ವೈದ್ಯರು ಬಂದಾಗಿನ ಒಂದು ಸಂಗತಿ. ನನ್ನ ಮಾತು ತೊದಲುತ್ತದೆ ಎಂದು ಅವರು ನನ್ನನ್ನು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ನಿಂತವರು ಉತ್ತರ ಕೊಟ್ಟುಬಿಡುತ್ತಾರೆ. ಯಜಮಾನರಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ, ಯಾವ ಮಾತ್ರೆ ಮೈಗೆ ಒಗ್ಗುವುದಿಲ್ಲ ಎಂಬುದು ನನಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ. ಮೊಮ್ಮಗಳ ಸ್ಲೇಟು ನನ್ನ ಚೀಲದಲ್ಲೇ ಇರುತ್ತದೆ, ಬರೆದು ತೋರಿಸುತ್ತೇನೆ. ಅಷ್ಟು ಹೊತ್ತು ಕಾಯಿರಿ.

ಹಣದ ಬಗ್ಗೆ ಕೇಳಿದವರಿಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ ₹5 ಲಕ್ಷದವರೆಗೆ ಸಿಗುವುದು ಇಡೀ ಕುಟುಂಬಕ್ಕೆ ಸೇರಿ, ತಲೆಗೆ ಇಷ್ಟು ಎಂದಲ್ಲ. ನಮ್ಮಿಬ್ಬರದೂ ಅದರಲ್ಲೇ ಹೋಗಬೇಕು. ಪಡಿತರ ಚೀಟಿಯ ಮೂಲ ಪ್ರತಿ ಮಗಳ ಹತ್ತಿರವಿದೆ, ಯಾರೂ ಅದನ್ನು ಬೇರೆ ಕೆಲಸಕ್ಕೆ ಒಯ್ಯಬೇಡಿ. ಬೆಂಗಳೂರಿಗೆ ಹೋಗಿ ಬರುವುದಕ್ಕೆ ಕಾರು ಮಾಡಬೇಡಿ. ಶಕ್ತಿ ಯೋಜನೆಯಿಂದ ನನಗೂ ಮಗಳಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಸೋಮವಾರದಿಂದ ಐದು ದಿನ ಅಲ್ಲೇ ಉಳಿದು, ಶುಕ್ರವಾರದ ಚಿಕಿತ್ಸೆ ಮುಗಿಸಿ ಹೊಸಕೋಟೆಯ ಬಸ್ಸು ಹಿಡಿದು ಬಂದುಬಿಡುತ್ತೇವೆ. ಶನಿವಾರ, ಭಾನುವಾರ ಅವರ ಜೊತೆ ಇರುತ್ತೇನೆ. ವಾರದ ದಿನಗಳಲ್ಲಿ ಸಂಜೆ ಐದು ಗಂಟೆಗೆ ವಿಡಿಯೊ ಕರೆ ಮಾಡುತ್ತೇನೆ. ಆ ಹೊತ್ತಿಗೆ ಅವರ ಕನ್ನಡಕ ಹಾಕಿಸಿ, ಫೋನನ್ನು ಮುಖದ ನೇರಕ್ಕೆ ಹಿಡಿಯಲು ಒಬ್ಬರು ಬೇಕು. ಅವರಿಗೆ ನನ್ನ ತುಟಿ ಕಾಣಬೇಕು.

ನಾಡಿದ್ದು ಮನೆಗೆ ಕಳುಹಿಸಬಹುದು ಎಂದಿದ್ದಾರೆ. ನಮ್ಮ ಮನೆಯಲ್ಲಿರುವುದು ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ, ಅದು ಅವರಿಗೆ ಈಗ ಆಗುವುದಿಲ್ಲ. ಮುಳಬಾಗಿಲಿನ ಭಾವನ ಮನೆಯಲ್ಲಿ ಅತ್ತೆಗೆ ತಂದಿದ್ದ ಕಮೋಡ್ ಕುರ್ಚಿ ಅಟ್ಟದ ಮೇಲಿರಬೇಕು, ಅದನ್ನು ಇಳಿಸಿ ತೊಳೆದು ನಾಳೆಯೇ ತಲುಪಿಸಿ. ಇವತ್ತಿನ ರಾತ್ರಿಗೆ ಮಾಲೂರಿನ ಅಳಿಯ ಬರುತ್ತಾರೆ. ನಾಳೆ ರಾತ್ರಿಗೆ ಇನ್ನೂ ಯಾರ ಹೆಸರೂ ಬಂದಿಲ್ಲ. ಚಿಕ್ಕಪ್ಪ, ನೀವೇ ಒಬ್ಬರನ್ನು ಗೊತ್ತುಮಾಡಿ ಸಂಜೆಯೊಳಗೆ ಗುಂಪಿನಲ್ಲಿ ಹಾಕಿ.