‘ಕೋಜಿ’ ಕೊಲೆಕಥೆಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಶಿರಸಿಯ ವಾಚನಾಲಯವೊಂದರಲ್ಲಿ ಚಳಿಗಾಲದ ಓದಿಗೆಂದು ಹಳ್ಳಿಯ ಕೊಲೆಕಥೆಗಳಿಗೆ ಬೇರೆ ಕಪಾಟು ಮಾಡುತ್ತಿದ್ದಾರೆ. ಇಂಗ್ಲಿಷಿನವರು ‘ಕೋಜಿ’ ಅನ್ನುವ ಬಗೆ: ಚಿಕ್ಕ ಊರು, ಎಲ್ಲರಿಗೂ ಎಲ್ಲರ ಗುರುತು, ರಕ್ತ ಕಡಿಮೆ, ಪತ್ತೆ ಹಚ್ಚುವವರು ಪೊಲೀಸರಲ್ಲ. ಕಪಾಟಿನ ಚೀಟಿಗೆ ‘ಬೆಚ್ಚನೆಯ ಕೊಲೆ’ ಸರಿಯೆ? ಅಂಥ ಕಥೆಯನ್ನು ನಮ್ಮ ಕಡೆಯದಾಗಿ ಬರೆದರೆ, ಪೊಲೀಸರು ಪಂಚರೆದುರು ಕೊಲೆಯ ಜಾಗದ ವಿವರ ಬರೆದುಕೊಳ್ಳುವುದಕ್ಕೆ ‘ಪಂಚನಾಮೆ’ಯೋ ‘ಮಹಜರೋ’?

ಉತ್ತರ 1: ನಮಸ್ಕಾರ. ‘ಬೆಚ್ಚನೆಯ ಕೊಲೆ’ ಖಂಡಿತ ಬೇಡ. ವಿಶೇಷಣ ಪಕ್ಕದ ನಾಮಪದಕ್ಕೇ ಅಂಟಿಕೊಂಡು, ಇನ್ನೂ ಬಿಸಿ ಆರದ ಹೆಣ ಕಣ್ಣ ಮುಂದೆ ಬರುತ್ತದೆ. ಈ ಬಗೆಯ ಕಥೆಯಲ್ಲಂತೂ ಅದು ದೊಡ್ಡ ಎಡವಟ್ಟು. ಮೈ ಬಿಸಿ ಇತ್ತೇ, ಸೆಟೆದಿತ್ತೇ ಎಂಬುದರ ಮೇಲೆಯೇ ಸಾವಿನ ಹೊತ್ತಿನ ಲೆಕ್ಕ. (ಸೆಟೆತ ಸಾಮಾನ್ಯವಾಗಿ 2ರಿಂದ 4 ತಾಸಿಗೆ ಶುರುವಾಗುತ್ತದೆ, ಚಳಿಯಲ್ಲಿ ತಡ. ‘ಮರಗಟ್ಟಿತ್ತು’ ಎಂದು ಬರೆದರೆ ಜೋಮು ಹಿಡಿದ ಕಾಲೂ ನೆನಪಾಗುತ್ತದೆ.)

ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಪತ್ತೆ ಹಚ್ಚುವ ಅಜ್ಜಿ ಮಿಸ್ ಮಾರ್ಪಲ್ 1930ರಲ್ಲಿ ಮೊದಲ ಸಲ ಕಾದಂಬರಿಗೆ ಬಂದಾಗ ಅವಳ ಬಂಡವಾಳವೆಲ್ಲ ಊರವರ ಸ್ವಭಾವದ ಪರಿಚಯ. ಯಾರು ಯಾವಾಗ ಯಾರ ಮನೆಗೆ ಹೋದರು ಎಂಬ ಆ ಲೆಕ್ಕ ನಮ್ಮಲ್ಲಿ ನಡೆಯುವುದು ಜಗಲಿಯಲ್ಲಿ. ‘ಜಗಲಿ ಪತ್ತೇದಾರಿ’ ಎನ್ನಬಹುದು. ‘ತೇ’ ದೀರ್ಘವಿರಲಿ. ಇಲ್ಲಿನ ‘ದಾರ’ ಜಮೀನುದಾರ, ಸುಬೇದಾರದಲ್ಲಿರುವ ಪಾರಸಿ ಪ್ರತ್ಯಯ. ನಡೆಯುವ ದಾರಿಗೂ ಅದಕ್ಕೂ ನಂಟಿಲ್ಲ.

ಪಂಚನಾಮೆಯೇ ಸರಿ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಮಾಮಲೇದಾರ (ತಹಶೀಲ್ದಾರ), ಫೌಜದಾರ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್), ಪಂಚನಾಮೆ ಆ ಕಡೆಯ ಮಾತುಗಳು. ಮಹಜರು ಎಂದ ಕೂಡಲೇ ಕಥೆ ಮೈಸೂರಿನತ್ತ ಜಾರುತ್ತದೆ. ಕಾಲವೂ ನೋಡಿಕೊಳ್ಳಿ: 1 ಜುಲೈ 2024ರಿಂದ ಈಚಿನ ಕೊಲೆಗೆ ಫೌಜದಾರರು ‘ಕಲಂ 302’ ಹಾಕುವಂತಿಲ್ಲ, ಭಾರತೀಯ ನ್ಯಾಯ ಸಂಹಿತೆಯ 103 ಹಾಕಬೇಕು.

ಉತ್ತರ 2: ‘ಜಗಲಿ ಪತ್ತೇದಾರಿ’ ಚೆಂದ, ಆದರೆ ಕೂತಲ್ಲೇ ಪತ್ತೆ ಹಚ್ಚುವವನು ಎಂಬ ಅರ್ಥ ಬಂದುಬಿಡುತ್ತದೆ. ಅದು ಬೇರೆಯೇ ಬಗೆ. ಕೋಜಿ ಕಥೆಯವರು ಮನೆಮನೆ ತಿರುಗಿ ಚಹಾ ಕುಡಿದು ಮಾತು ಎತ್ತುವವರು. ಚೀಟಿಗೆ ‘ಊರೊಳಗಿನ ಕೊಲೆ’ ಸಾಕು: ಕೊಂದವನೂ ಊರೊಳಗೇ ಇದ್ದಾನೆ ಎಂಬುದು ಅದರಲ್ಲೇ ಬಂತು.

ಆಯುಧದ ಮಾತೊಂದು ಸೇರಿಸುತ್ತೇನೆ, ಎಲ್ಲರೂ ತಪ್ಪುವುದು ಇಲ್ಲೇ. ಚಳಿಗಾಲದ ಶಿರಸಿ ಅಂದಮೇಲೆ ಅಡಿಕೆ ಸುಲಿಯುವ ರಾತ್ರಿ ಬಂದೇ ಬರುತ್ತದೆ, ಹತ್ತು ಜನ ಸುತ್ತ ಕೂತು, ಪ್ರತಿಯೊಬ್ಬರ ಮುಂದೆ ಒಂದು ಮೆಟ್ಟುಗತ್ತಿ. ಶಂಕಿತರ ಸಾಲಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ‘ಮೆಟ್ಟುಗತ್ತಿಯಿಂದ ಇರಿದ’ ಎಂದು ಬರೆದರೆ ಈ ಕಡೆಯವರು ಪುಸ್ತಕ ಮುಚ್ಚಿಡುತ್ತಾರೆ. ಅದರ ಅಲಗು ಮರದ ಹಲಗೆಗೆ ಕೂಡಿಸಿದ್ದು, ಹಲಗೆಯನ್ನು ಕಾಲಲ್ಲಿ ಮೆಟ್ಟಿ ಅಡಿಕೆಯನ್ನೇ ಅಲಗಿಗೆ ಒತ್ತುವುದು. ಕೈಲೆತ್ತಿ ಬೀಸುವ ವಸ್ತುವಲ್ಲ. ಸೊಂಟದ ಕೊಕ್ಕೆಗೆ ಸಿಕ್ಕಿಸುವುದು ಕತ್ತಿ, ಅದಕ್ಕೆ ಕ್ರಿಯಾಪದ ‘ಕಡಿ’. ‘ಇರಿ’ ಚೂರಿಗೆ, ‘ಕೊಯ್ಯಿ’ ಕುತ್ತಿಗೆಗೆ ಅಲಗು ಎಳೆದಾಗ. ಬೆಂಗಳೂರಿನ ಓದುಗರಿಗೆ ಕತ್ತಿ ಅಂದರೆ ರಾಜರ ಖಡ್ಗ ನೆನಪಾಗಬಹುದು. ಮೊದಲ ಸಲ ಬಂದಲ್ಲಿ ‘ಮೊನೆ ಬಾಗಿದ ಸೊಂಟದ ಕತ್ತಿ’ ಎಂದುಬಿಟ್ಟರೆ ಮುಂದೆ ತೊಡಕಿಲ್ಲ.