ಝೆರಾಕ್ಸ್ ಅಂಗಡಿ ಕಂಪ್ಯೂಟರ್‌ನಲ್ಲಿ ಗಿರಾಕಿಗಳ ಆಧಾರ್, ಕ್ರಯಪತ್ರ ಉಳಿಯದ ಹಾಗೆ ಮಾಡೋದು ಹೇಗೆ? (ತುಮಕೂರು)

ಬಿಎಚ್‌ರೋಡ್_ಝೆರಾಕ್ಸ್
ತುಮಕೂರು ತಾಲ್ಲೂಕು ಕಚೇರಿ ಹತ್ರ ಝೆರಾಕ್ಸ್, ಡಿಟಿಪಿ ಅಂಗಡಿ. ದಿನಕ್ಕೆ 60–80 ಜನ ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿ ಪ್ರಿಂಟ್ ತಗೊಳ್ತಾರೆ: ಆಧಾರ್, ಪಾಸ್‌ಬುಕ್, ಪಹಣಿ, ಮಾರ್ಕ್ಸ್ ಕಾರ್ಡ್, ಕ್ರಯಪತ್ರ. ಅಂಗಡಿಯ ಆಂಡ್ರಾಯ್ಡ್ ಫೋನನ್ನೇ ಎರಡು ಕಂಪ್ಯೂಟರ್‌ಗೆ ಲಿಂಕ್ ಮಾಡಿದೆ. ಒಂದು ವಿಂಡೋಸ್ 11 ಹೋಮ್, ಎಸ್‌ಎಸ್‌ಡಿ. ಇನ್ನೊಂದು ವಿಂಡೋಸ್ 10 ಪ್ರೊ, ಹಳೇ ಹಾರ್ಡ್ ಡಿಸ್ಕ್. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ 11 ಸಾವಿರ ಫೈಲ್ ಕೂತಿವೆ. ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿರತ್ತಲ್ಲ, ಅದು ಸಾಲದಾ? ಕೆಲಸದ ಹುಡುಗರು ಇಬ್ಬರಿದಾರೆ, ಅವರಿಗೂ ಅರ್ಥ ಆಗೋ ಹಾಗೆ ಹೇಳಿ.

ಕ್ಯಾತ್ಸಂದ್ರ_ಸಿಸ್ಟಮ್ಸ್
ಸಾಲದು. ವಾಟ್ಸಾಪ್ ಹಾಕೋ ಬೀಗ ಗಿರಾಕಿ ಫೋನಿಂದ ನಿಮ್ಮ ಫೋನಿನವರೆಗೆ, ದಾರೀಲಿ ಮಾತ್ರ. ಫೈಲ್ ನಿಮ್ಮಲ್ಲಿಗೆ ಬಂದು ಬಿಚ್ಚಿಕೊಂಡ ಮೇಲೆ ಅದು ಮಾಮೂಲಿ ಫೈಲ್. ಒಂದು ಆಧಾರ್ ಎಷ್ಟು ಕಡೆ ಉಳಿಯತ್ತೆ ಅಂತ ಎಣಿಸಿ: ಫೋನ್ ಗ್ಯಾಲರಿ, ಗೂಗಲ್ ಫೋಟೋಸ್, ಡ್ರೈವ್‌ನಲ್ಲಿರೋ ಚಾಟ್ ಬ್ಯಾಕಪ್, ಎರಡೂ ಕಂಪ್ಯೂಟರ್‌ನ ಡೌನ್‌ಲೋಡ್ಸ್, ರೀಸೈಕಲ್ ಬಿನ್, ಕೆಲವೊಮ್ಮೆ ಪ್ರಿಂಟರ್‌ನ ಸ್ಪೂಲ್ ಫೋಲ್ಡರ್ (ಪ್ರಿಂಟ್ ಆಗೋ ಮುಂಚೆ ಫೈಲ್ ಸಾಲಲ್ಲಿ ಕಾಯೋ ಜಾಗ).

ಮೊದಲು ಫೋನ್. ವಾಟ್ಸಾಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೀಡಿಯಾ ಆಟೋ-ಡೌನ್‌ಲೋಡ್ ಪೂರ್ತಿ ತೆಗೆಯಿರಿ, ಚಾಟ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಆಮೇಲೆ ಪ್ರೈವಸಿಯಲ್ಲಿ ಡಿಫಾಲ್ಟ್ ಮೆಸೇಜ್ ಟೈಮರ್ 24 ಗಂಟೆಗೆ ಇಡಿ. ಈ ಕ್ರಮದಲ್ಲೇ ಮಾಡಿ, ಯಾಕಂದ್ರೆ ಟೈಮರ್ ಚಾಟ್ ಒಳಗಿನದನ್ನ ಮಾತ್ರ ಅಳಿಸತ್ತೆ. ಗ್ಯಾಲರಿಗೆ ಇಳಿದ ಪ್ರತಿ ಹಾಗೇ ಇರತ್ತೆ. ಟೈಮರ್ ಹೊಸ ಚಾಟ್‌ಗಳಿಗಷ್ಟೇ ಅನ್ವಯ, ಹಳೇ ಗಿರಾಕಿಗಳ ಚಾಟ್ ನೀವೇ ಅಳಿಸಬೇಕು. ‘ವ್ಯೂ ಒನ್ಸ್’ ಹಾಕಿ ಕಳಿಸಿ ಅಂತ ಗಿರಾಕಿಗೆ ಹೇಳಬೇಡಿ. ಅದನ್ನ ಸೇವ್ ಮಾಡಕ್ಕೂ ಆಗಲ್ಲ, ಪ್ರಿಂಟೂ ಆಗಲ್ಲ.

ಚಾಟ್ ಬ್ಯಾಕಪ್ಪಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ 2021ರಿಂದ ಇದೆ, ಆದ್ರೆ ನಾವಾಗೇ ಆನ್ ಮಾಡಬೇಕು. ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರದ ಕೀ ಕೇಳತ್ತೆ. ಅಂಗಡಿ ಫೋನಿಗೆ ಬ್ಯಾಕಪ್ಪೇ ಬೇಡ. ಆಫ್ ಮಾಡಿ, ಡ್ರೈವ್‌ನಲ್ಲಿರೋ ಹಳೇ ಬ್ಯಾಕಪ್ಪನ್ನೂ ತೆಗೆದುಬಿಡಿ.

ಕಂಪ್ಯೂಟರ್‌ನಲ್ಲಿ ಸ್ಟೋರೇಜ್ ಸೆನ್ಸ್ (ಹಳೇ ಫೈಲ್ ತಾನಾಗೇ ಅಳಿಸೋ ವಿಂಡೋಸ್ ಸೌಲಭ್ಯ) ಆನ್ ಮಾಡಿ. ಇಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಡಿಸ್ಕ್ ತುಂಬಿದಾಗ ಮಾತ್ರ ಓಡೋ ಹಾಗೆ ಅದು ಬಂದಿರತ್ತೆ, ಡೌನ್‌ಲೋಡ್ಸ್ ಎದುರು ‘ನೆವರ್’ ಅಂತಲೇ ಇರತ್ತೆ. ‘ಎವೆರಿ ಡೇ’ ಮಾಡಿ, ಡೌನ್‌ಲೋಡ್ಸ್, ರೀಸೈಕಲ್ ಬಿನ್ ಎರಡಕ್ಕೂ 1 ದಿನ ಕೊಡಿ. ಡೌನ್‌ಲೋಡ್ಸ್‌ಗೆ ಅದು ನೋಡೋದು ಫೈಲನ್ನ ಕೊನೇ ಸಲ ಯಾವಾಗ ತೆರೆದರು ಅಂತ. ಅಂಗಡಿಯ ಸ್ವಂತ ಫೈಲ್ (ಲಗ್ನಪತ್ರಿಕೆ ಡಿಸೈನ್, ಬ್ಯಾನರ್) ಬೇರೆ ಫೋಲ್ಡರ್‌ಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಅವೂ ಹೋಗ್ತವೆ. ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್’ಗೆ ಟಿಕ್ ಇದ್ರೆ ತೆಗೆಯಿರಿ.

ಹಳೇ 11 ಸಾವಿರ ಫೈಲ್ ಡಿಲೀಟ್ ಮಾಡಿದ್ರೂ ಹಾರ್ಡ್ ಡಿಸ್ಕ್‌ನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿದವರಿಗೆ ಸಿಗ್ತವೆ. ವಿಂಡೋಸ್‌ನಲ್ಲೇ ಇರೋ ‘ಸೈಫರ್’ ಕಮಾಂಡನ್ನ ಡಬ್ಲ್ಯೂ ಸ್ವಿಚ್ ಜೊತೆ ಓಡಿಸಿದ್ರೆ ಖಾಲಿ ಜಾಗದ ಮೇಲೆ ಮೂರು ಸಲ ಬರೆಯತ್ತೆ. ಗಂಟೆಗಟ್ಟಲೆ ಹಿಡಿಯತ್ತೆ, ರಾತ್ರಿ ಬಿಟ್ಟು ಹೋಗಿ.

ಗುಬ್ಬಿಗೇಟ್
ಮೇಲಿನವರು ಹೇಳಿದ್ದು ಸರಿ, ಆದ್ರೆ ಸೈಫರ್ ಬೇಕಿಲ್ಲ. ವಿಂಡೋಸ್ ಪ್ರೊ ಇದೆ ಅಂದ್ರಲ್ಲ, ಬಿಟ್‌ಲಾಕರ್ (ಇಡೀ ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಮಾಡಿ. ಅದು ಕೇಳೋ ಪ್ರಶ್ನೇಲಿ ‘ಯೂಸ್ಡ್ ಸ್ಪೇಸ್ ಓನ್ಲಿ’ ಆರಿಸಿದ್ರೆ ಡಿಲೀಟ್ ಆದ ಆಧಾರ್‌ಗಳೆಲ್ಲ ಖಾಲಿ ಜಾಗದಲ್ಲಿ ಬೀಗ ಇಲ್ಲದೆ ಉಳಿತವೆ. ಹಳೇ ಡಿಸ್ಕಿಗೆ ‘ಎಂಟೈರ್ ಡ್ರೈವ್’ ಆರಿಸಿ. ಟಿಪಿಎಂ ಚಿಪ್ (ಬೀಗದ ಕೀಲಿ ಕಾಪಾಡೋ ಚಿಪ್) ಇಲ್ಲದ ಹಳೇ ಬೋರ್ಡ್ ಆದ್ರೆ ಬಿಟ್‌ಲಾಕರ್ ಒಪ್ಪಲ್ಲ. ವಿಂಡೋಸ್‌ನ ಗ್ರೂಪ್ ಪಾಲಿಸಿ ಸೆಟ್ಟಿಂಗ್ ಬದಲಿಸಿ ಪಾಸ್‌ವರ್ಡ್ ಮೇಲೆ ಓಡಿಸಬಹುದು. ಎಸ್‌ಎಸ್‌ಡಿ ಮೇಲೆ ಸೈಫರ್ ಓಡಿಸಿದ್ರೆ ಸವೆತ ಬಿಟ್ಟು ಬೇರೇನೂ ಸಿಗಲ್ಲ.

ಹೋಮ್ ಕಂಪ್ಯೂಟರ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಕೆಳಗೆ ‘ಡಿವೈಸ್ ಎನ್‌ಕ್ರಿಪ್ಶನ್’ ಇದೆಯಾ ನೋಡಿ. ಇದ್ರೆ ಮೊದಲು 48 ಅಂಕಿಯ ರಿಕವರಿ ಕೀ ಯಾರ ಮೈಕ್ರೋಸಾಫ್ಟ್ ಖಾತೇಲಿದೆ ಅಂತ ಪತ್ತೆ ಮಾಡಿ. ವಿಂಡೋಸ್ ಹಾಕಿಕೊಟ್ಟ ಟೆಕ್ನೀಷಿಯನ್ ತನ್ನ ಖಾತೆಯಿಂದ ಸೆಟಪ್ ಮಾಡಿದ್ರೆ ನಿಮ್ಮ ಬೀಗದ ಕೀಲಿ ಅವರ ಹತ್ರ ಇರತ್ತೆ. ಬಯೋಸ್ ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಿಸಿದಾಗ ಆ ಕೀ ಕೇಳತ್ತೆ. ಇಲ್ಲಾಂದ್ರೆ ಡಿಸ್ಕ್ ನಿಮಗೇ ತೆರೆಯಲ್ಲ. ಕಾಗದದ ಮೇಲೆ ಬರೆದು ಮನೇಲಿಡಿ.

ಹುಡುಗರಿಗೆ ಇದನ್ನೂ ಹೇಳಿ: ಡಿಸ್ಕ್ ಎನ್‌ಕ್ರಿಪ್ಶನ್ ಕಾಪಾಡೋದು ಕಂಪ್ಯೂಟರ್ ಆಫ್ ಇದ್ದಾಗ, ಕಳ್ಳತನ ಆದಾಗ, ರಿಪೇರಿಗೆ ಕೊಟ್ಟಾಗ. ಅಂಗಡಿ ತೆರೆದು ಸ್ಕ್ರೀನ್ ಬಿಟ್ಟು ಟೀಗೆ ಹೋದ್ರೆ ಅದರಿಂದ ಏನೂ ಉಪಯೋಗ ಇಲ್ಲ. ಏಳುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿ. ಗಿರಾಕಿ ಡಿಜಿಲಾಕರ್, ಜಿಮೇಲ್ ತೆರೀಬೇಕಂದ್ರೆ ಕ್ರೋಮ್‌ನ ಗೆಸ್ಟ್ ಕಿಟಕಿ ಕೊಡಿ. ಮುಚ್ಚಿದ ತಕ್ಷಣ ಲಾಗಿನ್ ಹೋಗತ್ತೆ, ಆದ್ರೆ ಡೌನ್‌ಲೋಡ್ ಆದ ಫೈಲ್ ಉಳಿಯತ್ತೆ.

ಬಿಎಚ್‌ರೋಡ್_ಝೆರಾಕ್ಸ್
ಧನ್ಯವಾದ ಸರ್. ಇ-ಆಧಾರ್ ಪಿಡಿಎಫ್‌ಗೆ ಹೇಗೂ ಪಾಸ್‌ವರ್ಡ್ ಇರತ್ತಲ್ಲ, ಅದು ಉಳಿದ್ರೂ ತೊಂದರೆ ಇಲ್ಲ ತಾನೆ?

ನೋಂದಣಿ_ಪತ್ರಬರಹ
ಇದೆ. ಆ ಪಾಸ್‌ವರ್ಡ್ ಅಂದ್ರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಹೆಸರು ಗೊತ್ತಿದ್ದವರು ವರ್ಷವನ್ನು ನೂರು ಸಲ ಊಹಿಸಿದರೆ ಸಾಕು, ತೆರೆದೀತು. ಅದನ್ನು ಬೀಗ ಎನ್ನುವುದಕ್ಕಿಂತ ಚಿಲಕ ಎನ್ನಬಹುದು. ಸೈಬರ್ ಸೆಂಟರ್‌ನಲ್ಲಿ ಇ-ಆಧಾರ್ ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂದು ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಹೇಳಿತ್ತು. ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆ ಎಂದು ಎರಡೇ ದಿನಕ್ಕೆ ಆ ಪ್ರಕಟಣೆಯನ್ನು ಕೇಂದ್ರ ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋದರೂ ಅದರ ಸಲಹೆಯಲ್ಲಿ ತಪ್ಪೇನಿರಲಿಲ್ಲ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅದೇ ಪೋರ್ಟಲ್‌ನಲ್ಲಿ ಸಿಗುತ್ತದೆ. ಲಾಡ್ಜಿಗೆ, ಬಾಡಿಗೆ ಮನೆಗೆ ಅಷ್ಟು ಸಾಕು.

ನೀವು ಹೆಚ್ಚು ಎಚ್ಚರ ವಹಿಸಬೇಕಾದದ್ದು ಕ್ರಯಪತ್ರದ ವಿಷಯದಲ್ಲಿ. ಅದರಲ್ಲಿ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ಎರಡೂ ಒಂದೇ ಕಡೆ ಸಿಗಬಹುದು. ಆಧಾರ್ ಆಧಾರಿತ ಪಾವತಿಯಲ್ಲಿ ಓಟಿಪಿ ಇಲ್ಲ. ಬ್ಯಾಂಕ್ ಹೆಸರು, ಆಧಾರ್ ಸಂಖ್ಯೆ, ಬೆರಳು ಇದ್ದರೆ ಹಣ ಬರುತ್ತದೆ. ನೋಂದಣಿ ದಾಖಲೆಯಿಂದ ಬೆರಳಚ್ಚಿನ ನಕಲು ಮಾಡಿ ಹಣ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಆಗಿವೆ. ಬೆರಳಚ್ಚು ಗುರುತಿಸುವ ಸಾಧನಗಳ ಮಾಮೂಲು ಮಟ್ಟ 500 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಲೆಕ್ಕ). ಓದುವುದಕ್ಕೆ 200 ಡಿಪಿಐ ಸ್ಕ್ಯಾನ್ ಸಾಕು, 600ರಲ್ಲಿ ಮಾಡಿ ಗೆರೆಗೆರೆಯನ್ನೂ ಉಳಿಸಿಕೊಡಬೇಡಿ.

ಗಿರಾಕಿ ಕೇಳಿದರೆ ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ (ಬೆರಳಚ್ಚು ಬಳಸಲು ಆಗದಂತೆ ತಡೆಯುವುದು) ತೋರಿಸಿ. ಆದರೆ ಸುಮ್ಮನೆ ಎಲ್ಲರಿಗೂ ಹಾಕಿಕೊಡಬೇಡಿ. ಲಾಕ್ ಆದವರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದರೆ 330 ಎಂಬ ದೋಷ ಬರುತ್ತದೆ, ರೇಷನ್ ಸಿಗುವುದಿಲ್ಲ. ಅಜ್ಜಿ ವಾಪಸ್ ನಿಮ್ಮ ಅಂಗಡಿಗೇ ಬರುತ್ತಾರೆ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ 3 ಕೆಲಸದ ದಿನದೊಳಗೆ ಲಿಖಿತ ದೂರು.

ಸಿರಾಗೇಟ್_77
ಸರ್ಕಾರ ಬೇಕಂದ್ರೆ ವಾಟ್ಸಾಪ್ ಓದೇ ಓದತ್ತೆ. ಝೆರಾಕ್ಸ್ ಅಂಗಡಿಯವರು ತಲೆ ಕೆಡಿಸ್ಕೊಂಡು ಏನ್ ಪ್ರಯೋಜನ?

ನೋಂದಣಿ_ಪತ್ರಬರಹ
ಎರಡೂ ಬೇರೆ ಬೇರೆ ವಿಷಯ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಮೆಸೇಜಿಂಗ್ ಸೇವೆಗಳು ಸಂದೇಶವನ್ನು ಮೊದಲು ಹುಟ್ಟುಹಾಕಿದವರನ್ನು ಗುರುತಿಸಿಕೊಡಬೇಕು ಎನ್ನುವುದು 2021ರ ಐಟಿ ನಿಯಮ 4(2). ಅದನ್ನು ವಾಟ್ಸಾಪ್ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಎನ್‌ಕ್ರಿಪ್ಶನ್ ಮುರಿಯಲೇಬೇಕೆಂದರೆ ಭಾರತದಿಂದ ಹೊರಡುತ್ತೇವೆ ಎಂದು 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ಅಲ್ಲಿ ಹೇಳಿದರು. ಸುಲಭವಾಗಿ ಓದುವಂತಿದ್ದರೆ ಆ ಜಗಳವೇ ಇರುತ್ತಿರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ.

ಅಂಗಡಿಗೆ ತಗಲುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ತೆಗೆದುಕೊಂಡ ಕೆಲಸ ಮುಗಿದ ಮೇಲೆ ದತ್ತಾಂಶ ಅಳಿಸಬೇಕು, ಇರುವಷ್ಟು ದಿನ ತಕ್ಕ ರಕ್ಷಣೆ ಕೊಡಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ. 250 ಕೋಟಿ ದಂಡ ಎಂದು ಎಲ್ಲರೂ ಹೆದರಿಸುತ್ತಾರೆ. ಅದು ಗರಿಷ್ಠ ಮಿತಿ, ತಪ್ಪಿನ ತೂಕ ನೋಡಿ ನಿರ್ಧರಿಸುವಂಥದ್ದು.

ಬಿಎಚ್‌ರೋಡ್_ಝೆರಾಕ್ಸ್
ಆಯ್ತು, ಇವತ್ತು ರಾತ್ರಿ ಫೋನ್, ಭಾನುವಾರ ಬಿಟ್‌ಲಾಕರ್. ಕೊನೇದಾಗಿ, ದೊಡ್ಡ ಝೆರಾಕ್ಸ್ ಮಷೀನ್ ಬಾಡಿಗೇದು, ಮುಂದಿನ ತಿಂಗಳು ವಾಪಸ್ ಕೊಡ್ಬೇಕು. ಅದರಲ್ಲೂ ಏನಾದ್ರೂ ಉಳಿದಿರತ್ತಾ?

ಗುಬ್ಬಿಗೇಟ್
ದೊಡ್ಡ ಮಲ್ಟಿಫಂಕ್ಷನ್ ಮಷೀನ್ ಆದ್ರೆ ಒಳಗೆ ಹಾರ್ಡ್ ಡಿಸ್ಕ್ ಇರಬಹುದು. ಸ್ಕ್ಯಾನ್, ಪ್ರಿಂಟ್ ಚಿತ್ರಗಳು ಅದರಲ್ಲಿ ಉಳಿತವೆ. ಅಡ್ಮಿನ್ ಮೆನುವಿನಲ್ಲಿ ಡೇಟಾ ಓವರ್‌ರೈಟ್ ಅಥವಾ ಇನಿಷಿಯಲೈಸ್ ಅಂತ ಇರತ್ತೆ, ಬಾಡಿಗೆಯವರು ಗಾಡಿಗೆ ಏರಿಸೋ ಮುಂಚೆ ನಿಮ್ಮೆದುರೇ ಓಡಿಸಲಿಕ್ಕೆ ಹೇಳಿ. ಅಡ್ರೆಸ್ ಬುಕ್ಕನ್ನ ಪ್ರತ್ಯೇಕವಾಗಿ ಅಳಿಸಬೇಕಾಗಬಹುದು. ಹಾಗೇ ತಪ್ಪು ಬಂದ ಪ್ರಿಂಟ್‌ಗಳನ್ನ ರದ್ದಿಗೆ ಹಾಕ್ಬೇಡಿ. ಕಡ್ಲೆಕಾಯಿ ಪೊಟ್ಟಣ ಬಿಚ್ಚಿದ್ರೆ ಯಾರದೋ ಪಾಸ್‌ಬುಕ್ ಕಾಣತ್ತೆ. ಅಡ್ಡಡ್ಡ ಕತ್ತರಿಸೋ ಚಿಕ್ಕ ಶ್ರೆಡ್ಡರ್ ಒಂದು ಕೌಂಟರ್ ಕೆಳಗೆ ಇಟ್ಕೊಳ್ಳಿ.